ಒಗ್ಗೇತಿ ಅಂದವಳು ನಾನು

ನನಗೆ ಒಂದು ಕಡೆ ಕೂರಲು ಆಗುವುದಿಲ್ಲ. ಈಗಲೂ ಅಷ್ಟೇ. ಈ ಎರಡು ಸಾಲು ಬರೆಯುವಷ್ಟರಲ್ಲಿ ಒಮ್ಮೆ ಎದ್ದು ಹೋಗಿ, ಒಲೆಯ ಮೇಲೆ ಏನೂ ಇಲ್ಲವೆಂದು ಗೊತ್ತಿದ್ದೂ ಅಡಿಗೆಮನೆ ನೋಡಿಬಂದೆ. ಏಳು ತಿಂಗಳಿಗೇ ಹುಟ್ಟಿದವಳು ನಾನು. "ಹೊಟ್ಟ್ಯಾಗರ ಸುಮ್ಮನ ಕುಂತಿಯೇನ ನೀ?" ಎಂದು ಅವ್ವ ಬಂದವರೆದುರೆಲ್ಲ ಅನ್ನುತ್ತಿದ್ದಳು. ಎದುರಿನವರು ಮಾತು ಶುರು ಮಾಡಿದರೆ ಅದರ ಬಾಲವನ್ನು ನಾನೇ ಮುಗಿಸಿಬಿಡುತ್ತೇನೆ. ಶಿಗ್ಗಾವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಮಕ್ಕಳು ಉತ್ತರ ಹೇಳಲು ಬಾಯಿ ತೆರೆದರೆ ಸಾಕು, ಉಳಿದರ್ಧ ನನ್ನ ಬಾಯಿಂದ ಬರುತ್ತಿತ್ತು. ಇದನ್ನು ನಾನು ಚುರುಕುತನ ಎಂದು ತಿಳಿದುಕೊಂಡಿದ್ದೆ. ಚುರುಕುತನವಲ್ಲ ಅದು, ಕೆಟ್ಟ ಚಾಳಿ. ಆ ಚಾಳಿ ನನ್ನ ಅಣ್ಣನಿಗೆ ಏನು ಮಾಡಿತು ಎಂಬುದನ್ನು ಇಷ್ಟು ವರ್ಷ ಯಾರೆದುರೂ ಪೂರ್ತಿ ಹೇಳಿಲ್ಲ.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಅಕ್ಕಿಆಲೂರಿನಲ್ಲಿ ನಮ್ಮದು ಅಕ್ಕಿ ಗಿರಣಿ. ಎಪ್ಪತ್ತರ ದಶಕದ ನಡುವೆ ಅಪ್ಪ ತೀರಿಕೊಂಡ ಮೇಲೆ ಗಿರಣಿ ಅವನ ಹೆಗಲಿಗೆ ಬಂತು. ಸ್ವಭಾವದಲ್ಲಿ ಅವನಿಗೂ ನನಗೂ ಎಣ್ಣೆ ಸೀಗೆಕಾಯಿ. ಅವನು ಒಂದು ತಂಬಿಗೆ ನೀರು ಕುಡಿದು ಮುಗಿಸುವ ಹೊತ್ತಿಗೆ ನಾನು ಹಿತ್ತಲು ಗುಡಿಸಿ ಬಂದಿರುತ್ತಿದ್ದೆ. ಭತ್ತದ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಒಣಗಿದೆಯೋ ಇಲ್ಲವೋ ಎಂದು ಹೇಳಲು ಅವನಿಗೆ ಐದು ನಿಮಿಷ ಬೇಕಾಗುತ್ತಿತ್ತು. ಚೀಲ ತಂದ ರೈತರು ಬಾಯಿ ಮುಚ್ಚಿಕೊಂಡು ನಿಂತಿರುತ್ತಿದ್ದರು. ಪಕ್ಕದಲ್ಲಿದ್ದ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. "ಹೇಳಣ್ಣ, ಒಣಗಿದ್ರ ಒಣಗೇತಿ, ಇಲ್ಲಂದ್ರ ಇಲ್ಲ!" ಎಂದು ನಾನು ಒದರಿದರೆ ಅವನು ನಗುತ್ತ ಇನ್ನೊಂದು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಅವನ ಕಾಲು ಬಾತುಕೊಂಡವು. ದಿನವಿಡೀ ಗಿರಣಿಯಲ್ಲಿ ನಿಂತೇ ಇರುತ್ತಾನಲ್ಲ, ಅದಕ್ಕೇ ಎಂದುಕೊಂಡೆವು. ಆಮೇಲೆ ಊಟ ಸೇರದಾಯಿತು. ಬೆಳಿಗ್ಗೆ ಎದ್ದರೆ ವಾಂತಿ, ಮೈತುಂಬ ತುರಿಕೆ. ಹಾನಗಲ್ಲಿನ ಡಾಕ್ಟರು ಮೂತ್ರ ಪರೀಕ್ಷಿಸಿ ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಹುಬ್ಬಳ್ಳಿಯವರು ತಮಿಳುನಾಡಿನ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಎರಡೂ ಕಿಡ್ನಿ ಬತ್ತಿಹೋಗಿವೆ, ಮನೆಯವರಲ್ಲಿ ಯಾರಾದರೂ ಒಂದನ್ನು ಕೊಟ್ಟರೆ ಬದುಕಬಹುದು ಎಂದು ಅಲ್ಲಿ ತಿಳಿಯಿತು.

ಅವ್ವನಿಗೆ ಬಿ.ಪಿ. ಇತ್ತು. ಅಣ್ಣನ ಹೆಂಡತಿ, ಹಿರೇಕೆರೂರಿನಿಂದ ನಮ್ಮ ಮನೆಗೆ ಬಂದ ವೈನಿಯ ರಕ್ತದ ಗುಂಪು ಬೇರೆ. ಉಳಿದವಳು ನಾನು. ದೊಡ್ಡ ಡಾಕ್ಟರು ಇಂಗ್ಲಿಷಿನಲ್ಲಿ, "ನೀವು ಮನೆಯಲ್ಲಿ ಕೂತು ವಿಚಾರ ಮಾಡಿ..." ಎಂದು ಶುರು ಮಾಡುವಷ್ಟರಲ್ಲಿ ಕೊಡುತ್ತೇನೆ ಎಂದುಬಿಟ್ಟಿದ್ದೆ. ಇದನ್ನು ಜನ ದೊಡ್ಡ ತ್ಯಾಗ ಎಂದರು. ನನಗೆ ಡಾಕ್ಟರ ವಾಕ್ಯ ಮುಗಿಯುವ ತನಕ ಕಾಯುವ ತಾಳ್ಮೆ ಇರಲಿಲ್ಲ, ಅಷ್ಟೇ. ಹೆದರಿಕೆ ಆಮೇಲೆ ಬಂತು, ಬಂದದ್ದು ಮೂರು ತಿಂಗಳು ಬಿಡಲಿಲ್ಲ. ಸವಣೂರಿನಲ್ಲಿದ್ದ ನಮ್ಮ ಅತ್ತೆ, "ದೇವರು ಎರಡ ಕೊಟ್ಟಾನಂದ್ರ ಎರಡೂ ಬೇಕಂತನ ಕೊಟ್ಟಿರ್ತಾನವಾ" ಎಂದು ಕಣ್ಣೀರು ಹಾಕಿದರು. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಕ್ಲಾರ್ಕು, ಮಾತು ಕಡಿಮೆ. "ನೀ ಹೂಂ ಅಂದಾದ ಮ್ಯಾಲ ನಾ ಏನ ಅನ್ನೂದೈತಿ?" ಎಂದ. ಆ ರಾತ್ರಿಯೆಲ್ಲ ಅವನು ಬೆನ್ನು ತಿರುಗಿಸಿ ಮಲಗಿದ್ದ, ನಿದ್ದೆ ಮಾತ್ರ ಮಾಡಿರಲಿಲ್ಲ.

ಬಿಳಿ ರಕ್ತಕಣದ ಪಾಠವನ್ನು ಅಷ್ಟು ವರ್ಷ ಮಾಡಿದ್ದೆನಲ್ಲ, ಕರಿಹಲಗೆಯ ಮೇಲೆ ಲಾಠಿ ಹಿಡಿದ ಪೊಲೀಸನ ಚಿತ್ರ ಬರೆದು ಮಕ್ಕಳನ್ನು ನಗಿಸುತ್ತಿದ್ದೆ. ಆ ಪೊಲೀಸ ಒಳ್ಳೆಯದನ್ನೂ ಬಡಿದು ಹಾಕುತ್ತಾನೆ ಎಂಬುದನ್ನು ನನಗೆ ತಿಳಿಸಿ ಹೇಳಿದವರು ಆ ಡಾಕ್ಟರು. ನಮ್ಮ ಮೈಯ ಒಂದೊಂದು ಕಣದ ಮೇಲೂ ಒಂದು ಗುರುತು ಇರುತ್ತದಂತೆ. ಬಿಳಿಕಣಗಳು ಆ ಗುರುತನ್ನು ಮುಟ್ಟಿ ನೋಡುತ್ತ ತಿರುಗುತ್ತವೆ. ತಮ್ಮದಾದರೆ ಬಿಟ್ಟು ಮುಂದೆ ಹೋಗುತ್ತವೆ. ಬೇರೆಯವರದಾದರೆ ಅಲ್ಲೇ ನಿಲ್ಲುತ್ತವೆ, ತಮ್ಮಂಥವರನ್ನು ಇನ್ನಷ್ಟು ಕರೆಯುತ್ತವೆ, ಹೊಸದಾಗಿ ಜೋಡಿಸಿದ ಅಂಗದ ರಕ್ತನಾಳದ ಗೋಡೆ ದಾಟಿ ಒಳಗೆ ನುಗ್ಗಿ ಒಂದೊಂದೇ ಕಣವನ್ನು ಕೊಲ್ಲುತ್ತವೆ. ಅದು ಆ ಮನುಷ್ಯನನ್ನು ಬದುಕಿಸಲು ಬಂದ ಅಂಗ ಎಂಬುದು ಅವಕ್ಕೆ ಗೊತ್ತಾಗುವ ಬಗೆಯೇ ಇಲ್ಲ.

ಇದನ್ನು ಅವ್ವನಿಗೆ ಹೇಳಿದರೆ ಅವಳಿಗೆ ಸಿಟ್ಟು ಬಂತು.

"ಒಂದ ಹೊಟ್ಟ್ಯಾಗ ಹುಟ್ಟೀರಿ, ಒಂದ ಮೊಲಿ ಹಾಲ ಕುಡದೀರಿ. ಬ್ಯಾರೆ ಹೆಂಗ ಆಗ್ತೀರಿ?"

"ಅರ್ಧ ಒಂದ, ಅರ್ಧ ಬ್ಯಾರೆ ಅಂತವ್ವ."

"ಆ ಡಾಕ್ಟರಗ ಅಕ್ಕ ತಂಗಿ ಇಲ್ಲ ಕಾಣಸ್ತೈತಿ," ಎಂದು ಅವ್ವ ಸೆರಗು ಕೊಡವಿ ಎದ್ದಳು.

ಆಪರೇಶನ್ ಆಯಿತು. ಕೆಮ್ಮಿದರೆ ನನ್ನ ಪಕ್ಕೆಯಲ್ಲಿ ಪ್ರಾಣ ಹೋಗುವಂಥ ನೋವು. ಆದರೂ ನಾಲ್ಕನೆಯ ದಿನಕ್ಕೆ ಗೋಡೆ ಹಿಡಿದು ಅಣ್ಣನ ಕೋಣೆಯ ಕಿಟಕಿಗೆ ಹೋಗಿದ್ದೆ. ಒಳಗೆ ಬಿಡುತ್ತಿರಲಿಲ್ಲ. ಅವನು ಗಾಜಿನಾಚೆಯಿಂದ ಮೂತ್ರದ ಬಾಟಲಿ ತೋರಿಸಿದ, ತುಂಬಿತ್ತು. ನಾವಿಬ್ಬರೂ ಅದನ್ನು ನೋಡಿ ನಕ್ಕೆವು. ಹತ್ತನೆಯ ದಿನ ಅವನಿಗೆ ಜ್ವರ ಬಂತು, ಬಾಟಲಿ ಖಾಲಿಯಾಗುತ್ತ ಬಂತು. ಡಾಕ್ಟರು ಹೇಳಿದ ಯುದ್ಧ ಶುರುವಾಗಿತ್ತು. ಮೂರು ದಿನ ದೊಡ್ಡ ದೊಡ್ಡ ಇಂಜೆಕ್ಷನ್ ಕೊಟ್ಟು ಅದನ್ನು ಅಡಗಿಸಿದರು. ಆ ಮೂರು ದಿನ ನಾನು ವರಾಂಡದಲ್ಲಿ ಎಷ್ಟು ಸಲ ಓಡಾಡಿದೆನೆಂದರೆ ನರ್ಸೊಬ್ಬಳು ಗದರಿಸಿ ಮಂಚಕ್ಕೆ ಕಳಿಸಿದಳು. ಅಂದರೆ ಹೀಗೂ ಆಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಬಾಯಿಲ್ಲ.

ಊರಿಗೆ ಬಂದ ಮೇಲೆ ಅಣ್ಣನ ಮುಖ ಚಂದ್ರನ ಹಾಗೆ ಗುಂಡಗಾಯಿತು. ಗುಳಿಗೆಯ ಗುಣ ಅದು. ಸಂತೆಗೆ ಬಂದವರು ಗಿರಣಿಯ ಮುಂದೆ ನಿಂತು, "ಸಾಹುಕಾರ್ರ ಎಲ್ಲಿ?" ಎಂದು ಅವನನ್ನೇ ಕೇಳುತ್ತಿದ್ದರು. ಬೆಳಿಗ್ಗೆ ಬಿಳಿ ಗುಳಿಗೆ, ಹಳದಿ ಗುಳಿಗೆ. ಕಾಯಿಸಿದ ನೀರು. ಗಿರಣಿಯ ಧೂಳಿನಿಂದ ದೂರ ಕುರ್ಚಿ. ತಿಂಗಳಿಗೊಮ್ಮೆ ಹಾನಗಲ್ಲಿಗೆ ಹೋಗಿ ರಕ್ತ ಕೊಟ್ಟು ಬರುವುದು. ನಾನು ಹೋದಾಗಲೆಲ್ಲ ಅವನು ಕಾಡುತ್ತಿದ್ದ. "ನಿಂದು ಒಳಗ ಬಂದಾಗಿಂದ ನನಗೂ ಕುಂತಲ್ಲಿ ಕುಂದರಾಕ ಆಗವಲ್ದ ನೋಡ. ಮುಂಜಾನಿ ಎದ್ದ ಕೂಡಲೆ ಯಾರಿಗೆ ಬೈಲಿ ಅನಸ್ತೈತಿ." ವೈನಿ ಮುಸಿಮುಸಿ ನಗುತ್ತಿದ್ದಳು.

ನಮ್ಮ ಕಡೆ ಒಗ್ಗುವುದು ಎಂಬ ಮಾತನ್ನು ಎಲ್ಲಕ್ಕೂ ಆಡುತ್ತಾರೆ. ಹೊಸ ಊರಿನ ನೀರು ಒಗ್ಗಬೇಕು, ಕೊಂಡು ತಂದ ಎಮ್ಮೆ ಕೊಟ್ಟಿಗೆಗೆ ಒಗ್ಗಬೇಕು, ಸೊಸೆ ಮನೆಗೆ ಒಗ್ಗಬೇಕು. ಒಗ್ಗುವ ತನಕ ಎಮ್ಮೆಗೆ ಎರಡು ಹಗ್ಗ. ಒಗ್ಗಿದ ಮೇಲೆ ಬಿಚ್ಚಿಬಿಟ್ಟರೂ ತಾನೇ ಮನೆಗೆ ಬರುತ್ತದೆ. ಒಮ್ಮೆ ಒಗ್ಗಿದ್ದು ಮತ್ತೆ ಒಗ್ಗದೆ ಹೋಗುತ್ತದೆ ಎಂಬ ಮಾತನ್ನು ನಾನಂತೂ ಕೇಳಿಲ್ಲ. ಅವ್ವ ನಾನು ಸಿಕ್ಕಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಒಗ್ಗೇತೇನಬೇ?" ನಾನು, "ಇನ್ನೂ ಟೈಮ್ ಐತಿ" ಎನ್ನುತ್ತಿದ್ದೆ. ನನಗೂ ಅದು ಉತ್ತರ ಹೇಳಿ ಕೈತೊಳೆದುಕೊಳ್ಳಲು ಸುಲಭದ ಮಾತಾಗಿತ್ತು.

ಒಂದೂವರೆ ವರ್ಷದ ಮೇಲೆ ತಮಿಳುನಾಡಿನ ಆಸ್ಪತ್ರೆಗೆ ತಪಾಸಣೆಗೆ ಹೋದೆವು, ಅಣ್ಣ, ಅವ್ವ, ನಾನು. ಅಲ್ಲಿಯ ಡಾಕ್ಟರುಗಳಿಗೆ ಕನ್ನಡ ಬಾರದು, ಅಣ್ಣನಿಗೂ ಅವ್ವನಿಗೂ ಇಂಗ್ಲಿಷು ಬಾರದು. ನಡುವೆ ನಾನು. ಹೊರರೋಗಿಗಳ ಸಾಲಿನಲ್ಲಿ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರ ತನಕ ಕಾದಿದ್ದೆವು. ಮೂರೂವರೆಗೆ ರೈಲು. ಅದು ತಪ್ಪಿದರೆ ಮರುದಿನ ಶಾಲೆ ತಪ್ಪುತ್ತದೆ, ಇನ್‌ಸ್ಪೆಕ್ಟರು ಬರುವ ದಿನ. ನಾನು ಕೈಗಡಿಯಾರ ನೋಡಿ ನೋಡಿ ಅದರ ಗಾಜು ಸವೆಸಿದ್ದೆ. ಕೊನೆಗೆ ಡಾಕ್ಟರು ರಕ್ತದ ವರದಿ ನೋಡಿ ಕನ್ನಡಕ ತೆಗೆದರು. ನಿಧಾನವಾಗಿ, ಒಂದೊಂದೇ ಶಬ್ದ ಆರಿಸಿ ಮಾತಾಡುವ ಮನುಷ್ಯ, ಥೇಟು ನಮ್ಮ ಅಣ್ಣನ ಹಾಗೆ.

ಅವರು ಹೇಳಿದ್ದು ಇಷ್ಟು: ದೇಹ ಕಿಡ್ನಿಯನ್ನು ಚೆನ್ನಾಗಿ ಒಪ್ಪಿಕೊಂಡಿದೆ. ಆದರೆ ಈ ಒಪ್ಪಿಗೆ ಗುಳಿಗೆ ಇರುವ ತನಕ ಮಾತ್ರ. ಗುಳಿಗೆ ಆ ಬಿಳಿಕಣಗಳನ್ನು ಮಲಗಿಸಿ ಇಡುತ್ತದೆ, ಅವುಗಳ ನೆನಪನ್ನು ಅಳಿಸುವುದಿಲ್ಲ. ಬದುಕಿರುವ ತನಕ ತಪ್ಪಿಸಬಾರದು. ಇದನ್ನು ಇವರಿಗೆ ಸರಿಯಾಗಿ ತಿಳಿಸಿ ಹೇಳಿ.

ನಾನು ಅಷ್ಟೂ ಕೇಳಿಸಿಕೊಂಡೆ. ಚೀಲ ಹೆಗಲಿಗೇರಿಸುತ್ತ ಅವ್ವನ ಕಡೆ ತಿರುಗಿ ಹೇಳಿದೆ:

"ಒಗ್ಗೇತಂತ. ನಡೀರಿ ನಡೀರಿ, ಗಾಡಿ ಹೊಕ್ಕತಿ."

ಅವ್ವ ಅಲ್ಲೇ ನಿಂತು ಎರಡೂ ಕೈ ಜೋಡಿಸಿ ಡಾಕ್ಟರಿಗೆ ಮುಗಿದಳು. ಅಣ್ಣ, "ಇಷ್ಟೊತ್ತ ಮಾತಾಡಿದ್ರು, ಇಷ್ಟನ?" ಎಂದ. "ಉಳಿದದ್ದು ಗಾಡ್ಯಾಗ ಹೇಳ್ತೇನಿ" ಎಂದೆ. ರೈಲು ಸಿಕ್ಕಿತು. ಕೂರಲು ಜಾಗ ಸಿಗಲಿಲ್ಲ. ಜನರ ನಡುವೆ ತೂರಿ ಅವ್ವನಿಗೊಂದು ಮೂಲೆ ಹುಡುಕುವುದರಲ್ಲಿ ನಾನು ಉಳಿದದ್ದನ್ನು ಮರೆತೆ. ಅಥವಾ ಗುಳಿಗೆಯ ಮಾತು ಅವರಿಗೆ ಗೊತ್ತೇ ಇದೆಯಲ್ಲ ಎಂದುಕೊಂಡೆನೋ ಏನೋ. ಎಷ್ಟು ಕೆದಕಿದರೂ ಆ ಹೊತ್ತಿನ ನನ್ನ ಮನಸ್ಸು ನನಗೆ ಸಿಗುವುದಿಲ್ಲ.

ಮುಂದಿನದನ್ನು ಆಮೇಲೆ ವೈನಿಯ ಬಾಯಿಂದ ಕೇಳಿದೆ. ಊರಿಗೆ ಬಂದ ವಾರಕ್ಕೆ ಅವ್ವ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳಂತೆ, ಮಗನಿಗೆ ಒಗ್ಗಿತು ಎಂದು. ಒಗ್ಗಿದ ಮೇಲೆ ಗುಳಿಗೆ ಯಾಕೆ? ಆ ಗುಳಿಗೆ ಉಷ್ಣ, ಮುಖ ಊದಿಸಿದೆ, ಎಲುಬು ಸವೆಸುತ್ತದೆ ಎಂದು ಬೇರೆ ಯಾರೋ ಹೇಳಿದ್ದರು. ಅಣ್ಣ ಒಮ್ಮೆಗೇ ಏನನ್ನೂ ಮಾಡುವವನಲ್ಲ. ಮೊದಲು ಅರ್ಧ ಮಾಡಿದ. ಹದಿನೈದು ದಿನ ನೋಡಿದ, ಏನೂ ಆಗಲಿಲ್ಲ. ದಿನ ಬಿಟ್ಟು ದಿನ ಮಾಡಿದ. ಆಮೇಲೆ ಬಿಟ್ಟ. ಹಾನಗಲ್ಲಿಗೆ ರಕ್ತ ಕೊಡಲು ಹೋಗುವುದನ್ನೂ ಬಿಟ್ಟ. ನನ್ನನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಯಾಕೆಂದರೆ ಹೇಳಿದವಳೇ ನಾನು.

ಯುಗಾದಿಗೆ ನಾನು ಅಕ್ಕಿಆಲೂರಿಗೆ ಹೋಗಿದ್ದೆ. ಅಣ್ಣನ ಮುಖದ ಬಾವು ಇಳಿದಿತ್ತು. ಗಲ್ಲದ ಎಲುಬು ಕಾಣುತ್ತಿತ್ತು, ಮೊದಲಿನ ಅಣ್ಣ. ನಾನು ಬಾಗಿಲಲ್ಲೇ ನಿಂತು, "ಏನಣ್ಣ, ಮದುವಿ ಗಂಡ ಆಗೀಯಲ್ಲ!" ಎಂದು ನಕ್ಕೆ. ಆ ಗುಂಡು ಮುಖ ಗುಳಿಗೆಯದು ಎಂದು ಎಲ್ಲರಿಗೂ ತಿಳಿಸಿ ಹೇಳಿದವಳೇ ನಾನು. ಮುಖ ಇಳಿಯಿತೆಂದರೆ ಗುಳಿಗೆ ಹೋಯಿತೆಂದು ಹೊಳೆಯಬೇಕಲ್ಲವೇ? ಹೊಳೆಯಲಿಲ್ಲ. ಬೇವು ಬೆಲ್ಲ ತಿಂದು, ಅವನ ಜೊತೆ ಎರಡು ಮಾತಾಡಿ, ನಾಲ್ಕರ ಬಸ್ಸಿಗೆ ಓಡಿದೆ. ಬಸ್ಸಿನಲ್ಲಿ ಬಹಳ ಖುಷಿಯಾಗಿದ್ದೆ.

ಮೂರು ವಾರಕ್ಕೆ ಶಾಲೆಗೆ ತಂತಿ ಬಂತು, ಕೂಡಲೇ ಹೊರಟು ಬಾ ಎಂದು. ಹೋಗಿ ನೋಡಿದರೆ ಅಣ್ಣನಿಗೆ ಜ್ವರ, ಕಾಲಿನ ಮೇಲೆ ಬೆರಳಿಟ್ಟರೆ ಕುಳಿ ಬೀಳುವ ಬಾವು. ಹೊಟ್ಟೆಯ ಬಲಗಡೆ, ನನ್ನ ಕಿಡ್ನಿ ಇಟ್ಟ ಜಾಗವನ್ನು ಮುಟ್ಟಲು ಬಿಡಲಿಲ್ಲ. ಹತ್ತನೆಯ ದಿನದ ಆ ಜ್ವರ ನನಗೆ ಥಟ್ಟನೆ ನೆನಪಾಯಿತು.

"ಗುಳಿಗಿ ಎಲ್ಲೆದಾವು?" ಎಂದೆ.

ವೈನಿ ನನ್ನ ಮುಖವನ್ನೇ ನೋಡಿದಳು. "ಬಿಟ್ಟು ಎರಡ ತಿಂಗಳಾತಲ್ರಿ. ಒಗ್ಗೇತಿ ಅಂತ ನೀವ ಹೇಳಿದ್ರೆಲ್ಲ?"

ಅವಳ ದನಿಯಲ್ಲಿ ದೂರು ಇರಲಿಲ್ಲ, ನಿಜಕ್ಕೂ ಕೇಳುತ್ತಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತೆ. ಕೂತವಳು ಅಂದು ಬೇಗ ಏಳಲಿಲ್ಲ.

ತಮಿಳುನಾಡಿನ ತನಕ ರೈಲಿನಲ್ಲಿ ಅವನು ಮಲಗಿದ್ದ, ನಾನು ಬಾಗಿಲಿಗೂ ಅವನ ಸೀಟಿಗೂ ನಡುವೆ ತಿರುಗುತ್ತಿದ್ದೆ. ಯಾಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ. ಯಾಕೆ ಹಾಗೆ ಹೇಳಿದೆ ಎಂದು ಅವನೂ ಕೇಳಲಿಲ್ಲ. "ಒಂದ ಕಡೆ ಕುಂದರ ತಂಗಿ, ನಿನ್ನ ನೋಡಿದ್ರ ನನಗ ತಲಿ ತಿರಗತೈತಿ" ಎಂದ, ಅಷ್ಟೇ.

ಆಸ್ಪತ್ರೆಯಲ್ಲಿ ಸೂಜಿ ಹಾಕಿ ಕಿಡ್ನಿಯ ಒಂದು ಚೂರು ತೆಗೆದರು. ನಾನು ವಿಜ್ಞಾನದ ಟೀಚರೆಂದು ಡಾಕ್ಟರಿಗೆ ನೆನಪಿತ್ತು. ಪ್ರಯೋಗಶಾಲೆಗೆ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಗುಲಾಬಿ ಬಣ್ಣದ ಕೊಳವೆಗಳು, ಅವುಗಳ ನಡುವೆ ಸಾಸಿವೆ ಚೆಲ್ಲಿದ ಹಾಗೆ ನೇರಳೆ ಚುಕ್ಕೆಗಳು. ಕೆಲವು ಕಡೆ ಚುಕ್ಕೆಗಳು ಕೊಳವೆಯ ಗೋಡೆ ಕೊರೆದು ಒಳಗೇ ಸೇರಿದ್ದವು. ಗುಲಾಬಿಯದು ನಿಮ್ಮದು, ನೇರಳೆಯದು ನಿಮ್ಮ ಅಣ್ಣನದು ಎಂದರು ಡಾಕ್ಟರು. ಹೊರದೇಶಗಳಲ್ಲಿ ಹೃದಯವನ್ನೇ ಬದಲಿಸುತ್ತಿದ್ದಾರೆ, ಅಲ್ಲಿಯೂ ಇವುಗಳದೇ ಕಾಟ. ಕಿಡ್ನಿಯೋ ಹೃದಯವೋ ಇವಕ್ಕೆ ಬೇಕಿಲ್ಲ, ಬೇರೆಯವರದು ಎಂಬುದೊಂದೇ ಗೊತ್ತು. ಹೃದಯ ಹೋದರೆ ಹೋಯಿತು, ಕಿಡ್ನಿಗಾದರೆ ಡಯಾಲಿಸಿಸ್ ಇದೆ ಎಂದು ಸಮಾಧಾನ ಹೇಳಿದರು. ನಾನು ಕಣ್ಣು ತೆಗೆಯದೆ ನೋಡಿದೆ. ಆ ಚುಕ್ಕೆಗಳ ಮೇಲೆ ಸಿಟ್ಟು ಬರಲಿಲ್ಲ. ಅವು ತಮ್ಮ ಕೆಲಸ ಮಾಡುತ್ತಿದ್ದವು, ಮನುಷ್ಯನನ್ನು ಉಳಿಸುತ್ತಿದ್ದೇವೆ ಎಂದೇ ತಿಳಿದು ಮಾಡುತ್ತಿದ್ದವು. ಸಿಟ್ಟೆಲ್ಲ ನನ್ನ ಮೇಲೆಯೇ ಬಂತು.

ಕೊನೆಯನ್ನು ಈಗಲೇ ಹೇಳಿಬಿಡುತ್ತೇನೆ, ತಡೆದುಕೊಳ್ಳುವುದು ನನ್ನಿಂದಾಗದು. ಇಂಜೆಕ್ಷನ್‌ಗಳು ಈ ಸಲ ಕೆಲಸ ಮಾಡಲಿಲ್ಲ. ಕಿಡ್ನಿ ಹೋಯಿತು. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದು ವೈನಿ ಅವನನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದಳು. ಅದೇ ಮಳೆಗಾಲದಲ್ಲಿ ಅವನ ಎದೆಗೆ ಸೋಂಕು ಇಳಿಯಿತು. ಐದು ದಿನದಲ್ಲಿ ಅಣ್ಣ ಹೋದ. ಅವ್ವ ನನ್ನನ್ನು ಒಂದು ಮಾತು ಅನ್ನಲಿಲ್ಲ, ವೈನಿಯೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆದರೆ ನಾನು ಬರೆಯಲು ಕೂತದ್ದು ಸೂಕ್ಷ್ಮದರ್ಶಕ ನೋಡಿ ಬಂದ ಆ ಮಧ್ಯಾಹ್ನದ ಸಲುವಾಗಿ. ಡಾಕ್ಟರು ಅಣ್ಣನ ಮಂಚದ ಹತ್ತಿರ ಬಂದು ನಿಂತರು. ಮುಖ ಕೆಂಪಾಗಿತ್ತು. ಗುಳಿಗೆ ನಿಲ್ಲಿಸಲು ಇವರಿಗೆ ಹೇಳಿದವರು ಯಾರು, ಕೇಳಿ ಎಂದು ನನಗೆ ಹೇಳಿದರು.

ನಾನು ಕೇಳಿದೆ. "ಗುಳಿಗಿ ಬಿಡಂತ ನಿನಗ ಯಾರ ಹೇಳಿದ್ರು ಅಂತ ಕೇಳಾಕತ್ತಾರ."

ಅಣ್ಣ ನನ್ನನ್ನು ನೋಡಿದ. ಭತ್ತದ ಕಾಳು ಕಡಿಯುವಾಗಿನಷ್ಟೇ ಹೊತ್ತು ತೆಗೆದುಕೊಂಡ. ನಾನೇ ಬಾಯಿಬಿಡಬಹುದಿತ್ತು. ಬೇರೆಯವರ ಮಾತನ್ನೆಲ್ಲ ಅರ್ಧಕ್ಕೇ ಕಸಿದುಕೊಳ್ಳುವ ನಾನು ಆ ಹೊತ್ತಿನಲ್ಲಿ ಮಾತ್ರ ಅವನ ಮಾತಿಗೆ ಕಾದೆ.

"ಯಾರೂ ಹೇಳಿಲ್ಲ," ಎಂದ. "ನನಗ ಬ್ಯಾಸರಾಗಿ ನಾನ ಬಿಟ್ಟೆ ಅಂತ ಹೇಳ."

"ಅಣ್ಣ..."

"ಹೇಳ ತಂಗಿ. ನಾಳೆ ಮತ್ತ ನೀನ ಇವರ ಮುಂದ ನಿಂತ ಮಾತಾಡಬೇಕು."

ಅವನು ಹೇಳಿದ್ದನ್ನು ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಡಾಕ್ಟರು ಬೈಯತೊಡಗಿದರು. ಐದು ನಿಮಿಷ ಬೈದರೇನೋ. ಒಂದೊಂದು ವಾಕ್ಯ ಹೇಳಿ ನಿಲ್ಲುತ್ತಿದ್ದರು, ನಾನು ಅದನ್ನು ಕನ್ನಡಕ್ಕೆ ಮಾಡಿ ಅಣ್ಣನಿಗೆ ಹೇಳುತ್ತಿದ್ದೆ. ನೀ ಬುದ್ಧಿ ಇಲ್ಲದಾಂವ ಅಂತಾರ. ನಿನಗ ಮತ್ತೊಂದ ಕಿಡ್ನಿ ಎಲ್ಲಿಂದ ತರೂದು ಅಂತಾರ. ನಿನ್ನ ತಂಗಿ ಮೈ ಕೊಯಿಸಿಕೊಂಡು ಕೊಟ್ಟಿದ್ದನ್ನ ನೀ ಕಾಳಜಿ ಮಾಡದ ಹಾಳ ಮಾಡಿದಿ ಅಂತಾರ. ಒಂದು ಶಬ್ದವನ್ನೂ ನಾನು ಬಿಡಲಿಲ್ಲ.

ಪ್ರತಿ ಮಾತಿಗೂ ಅಣ್ಣ ದಿಂಬಿನ ಮೇಲೆಯೇ ತಲೆಯಾಡಿಸಿ, "ಹೌದ್ರಿ ಅನ್ನು" ಎನ್ನುತ್ತಿದ್ದ. ಡಾಕ್ಟರು ಹೋದ ಮೇಲೆ ಕೇಳಿದ:

"ಇನ್ನೇನರ ಹೇಳಿದ್ರೇನ?"

"ಇಲ್ಲಣ್ಣ," ಎಂದೆ. "ಇಷ್ಟ."